ನಡುವೆ ನಿಲ್ಲದ ಗಾಡಿ

ಬಾಬುಲಾಲ ನದಾಫ ಮಾಸ್ತರರಿಗೆ ಇಂಡಿಯಲ್ಲಿ ಹೊಲ ಇರಲಿಲ್ಲ, ಬಾಡಿಗೆ ತರುವ ಮಳಿಗೆ ಇರಲಿಲ್ಲ, ಹಿತ್ತಲಲ್ಲಿ ಒಂದು ನಿಂಬೆಗಿಡವೂ ಇರಲಿಲ್ಲ. ಅರವತ್ನಾಲ್ಕು ವರ್ಷದಲ್ಲಿ ಅವರು ಕೂಡಿಹಾಕಿದ ಮಾಲು ಒಂದೇ: ಅವರ ಲೆಕ್ಕ ತಪ್ಪುವುದಿಲ್ಲ ಎಂಬ ಹೆಸರು. ಕೊಳೆಯುವ ಮಾಲಲ್ಲ, ಗೋದಾಮು ಬೇಡ, ಇಲಿ ಮುಟ್ಟುವುದಿಲ್ಲ. ತೊಂದರೆ ಏನೆಂದರೆ ಅದನ್ನು ಯಾರೂ ಕೊಳ್ಳುವುದಿಲ್ಲ, ಎಲ್ಲರೂ ಪುಕ್ಕಟೆ ಕೇಳುತ್ತಾರೆ. ಎರಡು ಪಂಪು ಹಚ್ಚಿದರೆ ಬಾವಿ ಎಷ್ಟು ತಾಸಿಗೆ ಬರಿದಾಗುತ್ತದೆ, ಮೂರು ಮೂಲೆಯ ಹೊಲ ನಾಲ್ಕು ಮಂದಿ ಅಣ್ಣತಮ್ಮಂದಿರಿಗೆ ಹೇಗೆ ಹಂಚಿಹೋಗುತ್ತದೆ ಎಂದು ಜನ ಚಾ ಕುಡಿಸಿ ಕೇಳುತ್ತಿದ್ದರು, ಮಾಸ್ತರರು ಚಾ ಕುಡಿದು ಹೇಳುತ್ತಿದ್ದರು. ಒಂದು ಕಪ್ಪು ಚಾಕ್ಕೆ ಇಷ್ಟು ಖಾತ್ರಿಯ ಮಾಲು ಆ ಪೇಟೆಯಲ್ಲಿ ಬೇರೆ ಎಲ್ಲೂ ಸಿಗುತ್ತಿರಲಿಲ್ಲ.

ಅವರಿಗೆ ಜೀವ ಅಂದರೆ ವೇಗ ಮತ್ತು ದೂರದ ಲೆಕ್ಕ. ಮೊದಲ ನೌಕರಿ ಸಿಕ್ಕಿದ್ದು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಪುಸ್ತಕದಲ್ಲಿ ದೋಣಿಯೊಂದು ಪ್ರವಾಹದ ವಿರುದ್ಧ ಹೋಗುವ ಲೆಕ್ಕವಿತ್ತು. ಮಾಸ್ತರರು ಹುರುಪಿನಿಂದ ಶುರು ಮಾಡಿದರೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಸರ, ಹೊಳಿ ತುಂಬಿದಾಗ ಯಾರೂ ದೋಣಿ ಬಿಡೂದಿಲ್ರಿ," ಅಂದ. "ಪರೀಕ್ಷಾದಾಗ ಬಿಡ್ತಾರ, ಕೂಡು," ಅಂದರು ಮಾಸ್ತರರು. ಮುಂದೆ ಮುದ್ದೇಬಿಹಾಳ ಪೇಟೆ, ಆಮೇಲೆ ಬಸವನ ಬಾಗೇವಾಡಿ, ಆಮೇಲೆ ಸಿಂದಗಿ, ಕೊನೆಗೆ ಇಂಡಿ. ವರ್ಗಾವಣೆಯ ಆದೇಶ ಬಂದಾಗಲೆಲ್ಲ ಅವರು ಟ್ರಂಕಿನ ಜೊತೆಗೆ ಲೆಕ್ಕಗಳನ್ನೂ ಹೊತ್ತುಕೊಂಡು ಹೋದರು. ಬಾಗೇವಾಡಿಯಲ್ಲಿ ಇಬ್ಬರು ಸೈಕಲ್ಲಿನವರು ಒಬ್ಬರ ಬೆನ್ನು ಒಬ್ಬರು ಹತ್ತಿದರು. ಸಿಂದಗಿಯ ಮಕ್ಕಳು ರೈಲನ್ನೇ ನೋಡಿರಲಿಲ್ಲವಾದ್ದರಿಂದ ಪುಸ್ತಕದ ಎರಡು ರೈಲುಗಳನ್ನು ಇಳಿಸಿ ಎರಡು ಟೆಂಪೋ ಹತ್ತಿಸಿದರು. ಎದುರು ಬಂದರೆ ಕೂಡಿಸು, ಬೆನ್ನು ಹತ್ತಿದರೆ ಕಳೆ: ಇಷ್ಟೇ ಅವರ ಬೋಧನೆ. ನಾಲ್ಕು ತಾಲ್ಲೂಕಿನಲ್ಲಿ ಈ ಮಾತು ಕೇಳಿ ಬೆಳೆದವರು ಈಗ ಗುಮಾಸ್ತರಾಗಿದ್ದಾರೆ, ಕಂಡಕ್ಟರರಾಗಿದ್ದಾರೆ, ಕೆಲವರು ಏನೂ ಆಗಿಲ್ಲ.

ಹೆಸರಿಗೆ ಮುದ್ರೆ ಬಿದ್ದದ್ದು ಮಾತ್ರ ಇಂಡಿಯಲ್ಲಿ, ಹದಿಮೂರು ವರ್ಷದ ಹಿಂದೆ. ಆಗ ಮಗ ಅಶ್ಫಾಕ ಅವರದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ. ವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಮೂವತ್ನಾಲ್ಕು ಬಿತ್ತು. ಪಾಸಾಗಲು ಮೂವತ್ತೈದು ಬೇಕು. ಹೆಡ್ಮಾಸ್ತರರೇ ಕೆಂಪು ಪೆನ್ನು ಮುಂದೆ ಹಿಡಿದು, "ಒಂದು ಮಾರ್ಕ ಎಲ್ಲಿಂದರೆ ಹುಡುಕ್ರಿ ನದಾಫರ," ಅಂದರು. ಮಾಸ್ತರರು ಉತ್ತರ ಪತ್ರಿಕೆಯನ್ನು ಮತ್ತೊಮ್ಮೆ ಮೊದಲಿನಿಂದ ನೋಡಿ ಮೂವತ್ನಾಲ್ಕೇ ಬರೆದರು. ಊರು ಹೊಗಳಿತು. ಹೊಗಳುವುದಕ್ಕೆ ಊರಿಗೆ ಏನೂ ಖರ್ಚಿರಲಿಲ್ಲ. ಅಶ್ಫಾಕ ಶಾಲೆ ಬಿಟ್ಟು ಗ್ಯಾರೇಜು ಸೇರಿದ, ಗ್ಯಾರೇಜಿನಿಂದ ಸ್ಟೇರಿಂಗಿಗೆ ಬಂದ. ಈಗ ನಿಂಬೆ ವ್ಯಾಪಾರಿ ಶ್ರೀಶೈಲಪ್ಪನ ಪಿಕಪ್ ಓಡಿಸುತ್ತಾನೆ. ಇಂಡಿಯಲ್ಲಿ ಬೆಳಗ್ಗೆ ನಿಂಬೆಯ ಚೀಲ ಹೇರಿ, ಸಿಂದಗಿಯಲ್ಲಿ ಕಾಯುವ ದೊಡ್ಡ ಲಾರಿಗೆ ಮುಟ್ಟಿಸುವುದು ಅವನ ಕೆಲಸ. ಅಪ್ಪ ಮಗ ಒಂದೇ ಮನೆಯಲ್ಲಿ ಉಣ್ಣುತ್ತಾರೆ. ಮಾತು ಉಪ್ಪು ಕೇಳುವಷ್ಟು.

ಕಳೆದ ಮಾಘದಲ್ಲಿ ಒಂದು ಗುರುವಾರ ಬೆಳಗ್ಗೆ ಆ ಪಿಕಪ್ಪಿಗೂ ಒಂದು ಮೊಪೆಡ್ಡಿಗೂ ಡಿಕ್ಕಿಯಾಯಿತು. ಮೊಪೆಡ್ಡಿನ ಮೇಲೆ ಇದ್ದವನು ಕನ್ನೊಳ್ಳಿಯ ರೇವಪ್ಪ. ಊರ ಡೇರಿಯ ಹಾಲನ್ನು ಎರಡು ಕ್ಯಾನಿನಲ್ಲಿ ತುಂಬಿ ಇಂಡಿಯ ದಿಕ್ಕಿನಲ್ಲಿರುವ ತಂಪು ಮಾಡುವ ಕೇಂದ್ರಕ್ಕೆ ಒಯ್ಯುವುದು ಅವನ ದಿನದ ಕೆಲಸ. ಡಿಕ್ಕಿಯಾದ ಜಾಗ ಒಂದು ಹಳ್ಳದ ಸಣ್ಣ ಸೇತುವೆ, ಎರಡು ಗಾಡಿ ಒಟ್ಟಿಗೆ ಹಿಡಿಸದಷ್ಟು ಕಿರಿದು. ರೇವಪ್ಪನ ಬಲಗಾಲು ಎರಡು ಕಡೆ ಮುರಿಯಿತು. ಗಾಡಿ ಹುಚ್ಚು ಹಿಡಿದಂತೆ ಬಂತು ಅಂತ ಅವನು ಅಂದ. ಹಾಲು ಒಡೆಯುತ್ತದೆಂಬ ಅವಸರಕ್ಕೆ ಅವನೇ ನಡುರಸ್ತೆಗೆ ನುಗ್ಗಿದ ಅಂತ ಅಶ್ಫಾಕ ಅಂದ. ನೋಡಿದವರು ಯಾರೂ ಇರಲಿಲ್ಲ.

ಹತ್ತು ದಿನದ ಮೇಲೆ ಶ್ರೀಶೈಲಪ್ಪನ ಅಂಗಡಿಯಲ್ಲಿ ಮಂದಿ ಕೂಡಿತು. ಪ್ಲಾಸ್ಟರು ಹಾಕಿದ ರೇವಪ್ಪನನ್ನು ಆಟೋದಲ್ಲಿ ತಂದು ಖಾಲಿ ಚೀಲಗಳ ಒಟ್ಟಿಲಿನ ಮೇಲೆ ಒರಗಿಸಿದ್ದರು. ಪಕ್ಕದಲ್ಲಿ ಹೆಂಡತಿ ಲಕ್ಕವ್ವ ಸೆರಗು ಬಿಗಿದು ನಿಂತಿದ್ದಳು.

"ಠಾಣಿ ಮೆಟ್ಲು ಹತ್ತಿದ್ರ ಇಬ್ಬರ ಚಪ್ಪಲಿನೂ ಸವಿತಾವ," ಅಂದ ಶ್ರೀಶೈಲಪ್ಪ. "ಇಲ್ಲೇ ಮುಗಿಸೂಣು. ಲೋಡ್ ಗಾಡಿ ಆ ರಸ್ತಾದಾಗ ತಾಸಿಗೆ ಐವತ್ತರ ಮ್ಯಾಲ ಓಡಿದ್ರ ತಪ್ಪು ನಮ್ಮದು. ಅಶ್ಫಾಕ ತಾನಾಗೇ ಠಾಣಿಗೆ ಹೋಗ್ಲಿ, ಲೈಸನ್ಸ ಕೊಡ್ಲಿ. ರೇವಪ್ಪ ಎದ್ದು ಅಡ್ಡಾಡೂತನ ಅವನ ಮನಿ ನಾ ನೋಡ್ತೇನಿ. ಐವತ್ತರ ಒಳಗ ಇದ್ರ, ಆತು, ಅವನ ದೈವ."

ರೇವಪ್ಪ ತಲೆಯಾಡಿಸಿದ. "ಒಪ್ತೇನ್ರಿ. ಆದ್ರ ಲೆಕ್ಕ ಬಾಬುಲಾಲ ಸರ ಮಾಡಬೇಕು."

"ಲೇ, ಗಾಡಿ ಹೊಡದವ ಅವರ ಮಗ ಅದಾನ," ಅಂದರು ಯಾರೋ.

"ಗೊತ್ತೈತ್ರಿ. ಸಿಂದಗಿ ಸಾಲ್ಯಾಗ ನಾ ಅವರ ಕೈಯಾಗ ಕಲತೇನಿ. ಹೆತ್ತ ಮಗನ್ನ ಒಂದು ಮಾರ್ಕಿಗೆ ಫೇಲ್ ಮಾಡಿದವರು ಅವರು."

"ಮಾರ್ಕ ಬ್ಯಾರೆ, ಜೈಲು ಬ್ಯಾರೆ," ಅಂದಳು ಲಕ್ಕವ್ವ.

"ಸುಮ್ಕಿರು. ನಿನಗ ಅವರು ಗೊತ್ತಿಲ್ಲ."

ಮಾಸ್ತರರನ್ನು ಕರೆಸಿದರು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ವಿಷಯ ಕೇಳಿ ಮೊದಲು ಒಲ್ಲೆ ಅಂದರು. ರೇವಪ್ಪ ಕೈ ಮುಗಿದಾಗ ಅವರ ಎದೆ ತುಸು ಉಬ್ಬಿತು. ನಿವೃತ್ತಿಯಾದ ನಾಲ್ಕು ವರ್ಷದಲ್ಲಿ ಯಾರೂ ಅವರಿಗೆ ಅಷ್ಟು ದೊಡ್ಡ ಲೆಕ್ಕ ತಂದಿರಲಿಲ್ಲ. ಶ್ರೀಶೈಲಪ್ಪನ ಅಂಗಡಿಯ ಕರಿಹಲಗೆಯ ಮೇಲೆ ಆ ದಿನದ ನಿಂಬೆಯ ದರ ಬರೆದಿತ್ತು. ಮಾಸ್ತರರು ಅದನ್ನು ಅಂಗೈಯಿಂದ ಒರೆಸಿ ಸೀಮೆಸುಣ್ಣ ಹಿಡಿದರು.

ಗೊತ್ತಿರುವ ಸಂಗತಿಗಳನ್ನು ಮೊದಲು ಬರೆದರು. ಪಿಕಪ್ ಇಂಡಿಯ ತೂಕದ ಕಟ್ಟೆ ಬಿಟ್ಟದ್ದು ಆರಕ್ಕೆ, ತೂಕದ ಚೀಟಿಯಲ್ಲಿ ಹೊತ್ತು ಇದೆ. ರೇವಪ್ಪ ಕನ್ನೊಳ್ಳಿಯ ಡೇರಿ ಬಿಟ್ಟದ್ದು ಆರು ಇಪ್ಪತ್ತಕ್ಕೆ, ಅದಕ್ಕೂ ಚೀಟಿ ಇದೆ. ನಡುವಿನ ದಾರಿ ನಲವತ್ತು ಕಿಲೋಮೀಟರು. ಸೇತುವೆ ಇರುವುದು ಕನ್ನೊಳ್ಳಿಯಿಂದ ಹತ್ತನೆಯ ಕಿಲೋಮೀಟರಿಗೆ. ಎರಡು ಕ್ಯಾನು ಹಾಲು ಹೊತ್ತ ಮೊಪೆಡ್ ತಾಸಿಗೆ ಮೂವತ್ತೇ ಓಡುತ್ತದೆ, ಇದನ್ನು ಎರಡೂ ಕಡೆಯವರು ಒಪ್ಪಿದರು. ಅಂದರೆ ಸೇತುವೆ ಮುಟ್ಟಲು ರೇವಪ್ಪನಿಗೆ ಇಪ್ಪತ್ತು ನಿಮಿಷ.

"ಗೊತ್ತಿಲ್ಲದ್ದು ಏನು?" ಅಂತ ಕೇಳಿದರು, ಮಂದಿಯ ಕಡೆಗೆ ಹೊರಳಿ. ತಾವೇ ಉತ್ತರವನ್ನೂ ಹೇಳಿದರು: "ಪಿಕಪ್ಪಿನ ವೇಗ. ಅದಕ್ಕ ಎಕ್ಸ್ ಅನ್ನೂಣು."

ಅಶ್ಫಾಕ ಕಂಬಕ್ಕೆ ಒರಗಿ ನಿಂತಿದ್ದ. ತನ್ನ ಹೆಸರು ಎಕ್ಸ್ ಆದದ್ದನ್ನು ಕೇಳಿ ಅವನು ನೆಲ ನೋಡಿದ.

"ಸರ," ಅಂದ ರೇವಪ್ಪ, ಚೀಲಗಳ ಮೇಲಿನಿಂದ. "ಗಾಡಿ ನಡುವ ಎಲ್ಲೆರ ನಿಂತಿತ್ತೇನು, ಕೇಳ್ರಿ."

ಮಾಸ್ತರರು ನಕ್ಕರು. "ಒಂಬತ್ತನೆತ್ತಾಗೂ ನೀ ಇದ ಕೇಳಿದ್ದಿ ರೇವಪ್ಪ. ಟೆಂಪೋ ನಡುವ ನಿಂತ್ರ, ಡ್ರೈವರ ಚಾ ಕುಡಿದ್ರ. ಅದಕ್ಕ ನಿನಗ ಹನ್ನೆರಡು ಬಿದ್ದಿದ್ದು. ಲೆಕ್ಕದಾಗ ಗಾಡಿ ನಿಂದರೂದಿಲ್ಲೋ." ಮಂದಿಯೂ ನಕ್ಕಿತು. ಆದರೂ ನ್ಯಾಯಕ್ಕೆ ಕೂತವರು, ಮಗನ ಕಡೆ ತಿರುಗಿದರು. "ನಿಂತಿದ್ದೇನು?"

"ಎಲ್ಲಿ ನಿಂದರೂದು ಅಪ್ಪಾ, ನಿಂಬಿ ಗಾಡಿ," ಅಂದ ಅಶ್ಫಾಕ.

"ನಿಂಬಿಕಾಯಿ ಹೇರಿ ನಿಂತ್ರ ನನ್ನ ಅಂಗಡಿ ಉಳಿತೈತೇನ್ರಿ," ಅಂದ ಶ್ರೀಶೈಲಪ್ಪ.

ರೇವಪ್ಪ ಮತ್ತೆ ಚೀಲಗಳಿಗೆ ಒರಗಿದ.

ಮಾಸ್ತರರ ಕೈ ಓಡಿತು. ರೇವಪ್ಪ ಹೊರಡುವ ಹೊತ್ತಿಗೆ ಪಿಕಪ್ ಇಪ್ಪತ್ತು ನಿಮಿಷ ಓಡಿದೆ, ಎಂದರೆ ಎಕ್ಸಿನ ಮೂರರಲ್ಲೊಂದು ಪಾಲು ದಾರಿ ಕಳೆದಿದೆ. ನಲವತ್ತರಲ್ಲಿ ಅದನ್ನು ಕಳೆದರೆ ಉಳಿದದ್ದು ಇಬ್ಬರ ನಡುವಿನ ದಾರಿ. ಅದನ್ನು ಇಬ್ಬರೂ ಕೂಡಿ ಇಪ್ಪತ್ತು ನಿಮಿಷದಲ್ಲಿ ತಿಂದಿದ್ದಾರೆ. ಎದುರು ಬಂದರೆ ಕೂಡಿಸು: ಎಕ್ಸಿಗೆ ಮೂವತ್ತು ಕೂಡಿಸಿ, ಅದರ ಮೂರರಲ್ಲೊಂದು ಪಾಲು. ಎರಡೂ ಬದಿಯನ್ನು ಮೂರರಿಂದ ಗುಣಿಸಿದರೆ, ನೂರಿಪ್ಪತ್ತರಲ್ಲಿ ಎಕ್ಸ್ ಕಳೆದದ್ದು, ಎಕ್ಸಿಗೆ ಮೂವತ್ತು ಕೂಡಿಸಿದ್ದು, ಎರಡೂ ಒಂದೇ. ಎರಡು ಎಕ್ಸ್ ಅಂದರೆ ತೊಂಬತ್ತು. ಎಕ್ಸ್ ಅಂದರೆ ನಲವತ್ತೈದು.

ಹಲಗೆಯ ಕೆಳಗೆ ಎರಡು ಗೆರೆ ಎಳೆದರು.

"ಮೂವತ್ತು ಕಿಲೋಮೀಟರು ನಲವತ್ತು ನಿಮಿಷದಾಗ ಬಂದಾನ, ನಲವತ್ತೈದು ಅಂತ ನಾ ಬೆರಳ ಮ್ಯಾಲ ಹೇಳ್ತಿದ್ದೆ," ಅಂದ ಶ್ರೀಶೈಲಪ್ಪ.

"ಬೆರಳ ಮ್ಯಾಲಿಂದಕ್ಕ ಯಾರು ಸಹಿ ಹಾಕ್ತಾರ?" ಅಂದರು ಮಾಸ್ತರರು.

"ಅದೂ ಖರೇನ ಐತಿ," ಅಂದ ವ್ಯಾಪಾರಿ, ಕಾಗದ ಮುಂದೆ ಸರಿಸುತ್ತ. ಲೆಕ್ಕವನ್ನು ಕಾಗದಕ್ಕೆ ಇಳಿಸಿ ಮಾಸ್ತರರು ಸಹಿ ಮಾಡಿದರು. ಅದರ ಕೆಳಗೆ, ತಪ್ಪು ತನ್ನದೇ, ಯಾವ ತಕರಾರೂ ಇಲ್ಲ ಎಂದು ಬರೆದು ರೇವಪ್ಪನೂ ಸಹಿ ಮಾಡಿದ. ಅವನ ಅಕ್ಷರ ಈಗಲೂ ಶಾಲೆಯ ಹುಡುಗನದರಂತೆ ಗುಂಡಗಿತ್ತು. ಲಕ್ಕವ್ವ ಹಲಗೆಯನ್ನೇ ನೋಡುತ್ತ ನಿಂತಿದ್ದಳು, ಓದಲು ಬಾರದ ಭಾಷೆಯಲ್ಲಿ ಬೈಸಿಕೊಂಡವಳ ಹಾಗೆ.

ಮಾಸ್ತರರು ಅವತ್ತು ಮನೆಗೆ ದೊಡ್ಡ ರಸ್ತೆಯಿಂದ ಸುತ್ತುಹಾಕಿ ಬಂದರು. ನಾಲ್ಕು ಜನ ನಿಲ್ಲಿಸಿ ಕೇಳಿದರು, ನಾಲ್ವರಿಗೂ ಹೇಳಿದರು.

ಎರಡು ವಾರ ಹೀಗೇ ಸುಖವಾಗಿ ಕಳೆಯಿತು. ಒಂದು ದಿನ ಅವರು ಅಂಗಳದಲ್ಲಿ ಪೇಪರು ಓದುತ್ತಿದ್ದರು. ಹೆಂಡತಿ ಜೋಹರಾಬಿ ಕಲ್ಲಿನ ಮೇಲೆ ಅಶ್ಫಾಕನ ಪ್ಯಾಂಟು ಕುಕ್ಕುತ್ತಿದ್ದಳು. ಮೊಣಕಾಲಿನತನಕ ಕೆಸರು.

"ಈ ನೀರು ಕುಡಿಸೂದೊಂದು ಬಿಟ್ಟಿದ್ರ ನನ್ನ ರಟ್ಟಿ ಉಳಿತಿದ್ವು," ಅಂದಳು, ಯಾರಿಗೂ ಅಲ್ಲದಂತೆ.

"ಯಾರಿಗೆ ನೀರು?"

"ನಿಂಬಿಕಾಯಿಗೆ. ಮತ್ಯಾರಿಗೆ, ನಿಮಗೇನು?"

ಮಾಸ್ತರರು ಪೇಪರು ಮಡಿಸಿದರು. ಜೋಹರಾಬಿ ಪ್ಯಾಂಟು ಹಿಂಡುತ್ತ ಹೇಳಿದಳು. ಶ್ರೀಶೈಲಪ್ಪನ ಗಾಡಿ ತೂಕ ಮಾಡಿಸಿ ಹೊರಬಿದ್ದ ಮೇಲೆ, ಊರು ದಾಟಿ ನಾಲ್ಕೈದು ಕಿಲೋಮೀಟರಿಗೆ ಅವನದೇ ಒಂದು ಬೋರು ಇದೆ. ಅಲ್ಲಿ ಗಾಡಿ ಹಚ್ಚಿ, ಪೈಪು ಹಿಡಿದು, ಗೋಣಿಚೀಲ ತಳದತನಕ ತೊಯ್ಯುವಂತೆ ನೀರು ಬಿಡುತ್ತಾರೆ. ಕಾಯಿ ಬಾಡುವುದಿಲ್ಲ, ಸಿಪ್ಪೆ ಹೊಳೆಯುತ್ತದೆ. ದಾರಿಯಲ್ಲಿ ಒಣಗಿ ಇಳಿಯಬೇಕಾದ ತೂಕ ಇಳಿಯುವುದಿಲ್ಲ, ನಸೀಬು ಚೆನ್ನಾಗಿದ್ದರೆ ಚೂರು ಏರುತ್ತದೆ ಕೂಡ. ಆ ಅಂಗಡಿಯ ಡ್ರೈವರುಗಳು ಇದನ್ನು ಗಾಡಿ ನಿಲ್ಲಿಸುವುದು ಎಂದು ಎಣಿಸುವುದೇ ಇಲ್ಲ. ಕುದುರೆಗೆ ಹುಲ್ಲು ಹಾಕಿದ ಹಾಗೆ, ಅದು ಓಟದ ಒಂದು ಭಾಗ. ಕೊಳ್ಳುವವನ ಕಿವಿಗೆ ಬೀಳಬಾರದೆಂದು ಮಾತಾಡುವುದೂ ಇಲ್ಲ.

"ಎಷ್ಟು ಹೊತ್ತು?" ಅಂತ ಕೇಳಿದರು ಮಾಸ್ತರರು.

"ಪಾವ ತಾಸು."

"ಆ ದಿನಾನೂ?"

"ಆ ದಿನ ನಿಂಬಿಕಾಯಿಗೆ ರೋಜಾ ಉಪವಾಸ ಇತ್ತೇನು?"

"ನಿನಗ ಗೊತ್ತಿತ್ತು. ಹೇಳಲಿಲ್ಲ."

"ಕೇಳಿದ್ರೇನು? ಈ ಮನ್ಯಾಗ ನೀವು ಯಾರನ್ನರ ಏನರ ಕೇಳೀರೇನು?" ಅಂದಳು, ಪ್ಯಾಂಟನ್ನು ತಂತಿಯ ಮೇಲೆ ಎಸೆದು.

ಮಾಸ್ತರರು ಒಳಗೆ ಹೋಗಿ ಯಾರದೋ ಮದುವೆಯ ಕಾರ್ಡಿನ ಹಿಂಬದಿಗೆ ಲೆಕ್ಕ ಹಾಕಿದರು. ಆರರಿಂದ ಆರು ಇಪ್ಪತ್ತರ ಒಳಗೆ ಹದಿನೈದು ನಿಮಿಷ ಬೋರಿನ ಹತ್ತಿರ ಹೋಯಿತು. ಓಡಿದ್ದು ಐದೇ ನಿಮಿಷ, ಎಕ್ಸಿನ ಹನ್ನೆರಡರಲ್ಲೊಂದು ಪಾಲು. ನಲವತ್ತರಲ್ಲಿ ಅದನ್ನು ಕಳೆದರೆ, ಎಕ್ಸಿಗೆ ಮೂವತ್ತು ಕೂಡಿಸಿದ್ದರ ಮೂರರಲ್ಲೊಂದು ಪಾಲು. ಈ ಸಲ ಹನ್ನೆರಡರಿಂದ ಗುಣಿಸಬೇಕು. ನಾನೂರ ಎಂಬತ್ತರಲ್ಲಿ ಎಕ್ಸ್ ಕಳೆದದ್ದು, ನಾಲ್ಕು ಎಕ್ಸಿಗೆ ನೂರಿಪ್ಪತ್ತು ಕೂಡಿಸಿದ್ದು. ಐದು ಎಕ್ಸ್ ಅಂದರೆ ಮುನ್ನೂರ ಅರವತ್ತು. ಎಕ್ಸ್ ಎಪ್ಪತ್ತೆರಡು.

ಎಲ್ಲಾದರೂ ತಪ್ಪಿರಲಿ ಅಂತ ಜೀವನದಲ್ಲಿ ಮೊದಲ ಸಲ ಬೇಡಿಕೊಳ್ಳುತ್ತ ಮತ್ತೆ ಮಾಡಿದರು. ಮೂರನೆಯ ಸಲವೂ ಎಪ್ಪತ್ತೆರಡೇ ಬಂತು. ಹೊಳೆಯ ಆಚೆ ದಡದಷ್ಟು ಗಟ್ಟಿಯಾಗಿ ನಿಂತಿತ್ತು ಆ ಸಂಖ್ಯೆ.

ಅಂಗಡಿಯಲ್ಲಿ ಶ್ರೀಶೈಲಪ್ಪ ಆ ಕಾರ್ಡನ್ನು ದೂರ ಹಿಡಿದು ನೋಡಿದ, ಕಾಯಿಯ ದರ್ಜೆ ನೋಡುವ ಹಾಗೆ. ಮೊದಲು ತಿರುಗಿಸಿ ಮದುವೆ ಯಾರದು ಅಂತ ಓದಿದ.

"ಮಾಸ್ತರ, ನಿಮ್ಮ ಲೆಕ್ಕ ಅವತ್ತೂ ಬರೋಬರಿ ಇತ್ತು, ಇವತ್ತೂ ಬರೋಬರಿ ಐತಿ. ಅವತ್ತು ಪ್ರಶ್ನಾ ತಪ್ಪಿತ್ತು. ಪ್ರಶ್ನಾ ತಪ್ಪಿದ್ರ ಮಾಸ್ತರದ್ದೇನು ತಪ್ಪು?"

"ನಿನಗ ಗೊತ್ತಿತ್ತಲ್ಲೋ ಶ್ರೀಶೈಲ."

"ಅಂಗಡಿ ನಂದು, ಬೋರು ನಂದು. ನನಗ ಗೊತ್ತಿರದ ಏನು?" ಅವನು ಕಾರ್ಡನ್ನು ಹಿಂದಕ್ಕೆ ಕೊಟ್ಟ. "ನಿಮ್ಮ ಹೆಸರು ನಾ ಹೇಳಲಿಲ್ಲ, ರೇವಪ್ಪನೇ ಹೇಳಿದ. ಹೇಳಿದಾಗ ನನಗ ಮೊದಲ ಅಂಜಿಕಿ ಆತು. ಆಮ್ಯಾಲ ನೋಡಿದೆ, ಇಡೀ ಅಂಗಡ್ಯಾಗ ನೀರಿನ ಸುದ್ದಿ ಗೊತ್ತಿರದವರು ನೀವೊಬ್ಬರ ಇದ್ರಿ. ನಮಗ ಹಂಗಿದ್ದವರ ಬೇಕಾಗಿತ್ತು. ಗೊತ್ತಿದ್ದವ ಸಹಿ ಹಾಕಿದ್ರ ಕೈ ನಡಗತೈತಿ, ನಿಮ್ಮ ಸಹಿ ನೋಡ್ರಿ ಹೆಂಗ ನೆಟ್ಟಗ ಬಿದ್ದೈತಿ."

ಮಾಸ್ತರರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಮೂವತ್ತೈದು ವರ್ಷ ಕಾಪಾಡಿಕೊಂಡ ಮಾಲನ್ನು ಒಬ್ಬ ವ್ಯಾಪಾರಿ ಚಾಕ್ಕೂ ಕೇಳದೆ ಎತ್ತಿಕೊಂಡು ಹೋಗಿದ್ದ, ತೂಕ ಹಾಕಿ, ತೊಯ್ಯಿಸಿ, ಮಾರಿಯೂ ಬಿಟ್ಟಿದ್ದ.

ಆ ಮಧ್ಯಾಹ್ನ ಊಟಕ್ಕೆ ಬಂದ ಮಗನ ಮುಂದೆ ಕಾರ್ಡು ಇಟ್ಟರು. ಅಶ್ಫಾಕ ರೊಟ್ಟಿ ಮುರಿಯುತ್ತಲೇ ಕೊನೆಯ ಸಾಲು ನೋಡಿದ.

"ಎಪ್ಪತ್ತೆರಡಲ್ಲ, ಎಂಬತ್ತರ ಹತ್ತಿರ ಇತ್ತು," ಅಂದ. "ಸೇತುವಿ ಹತ್ರ ಬ್ರೇಕ್ ಹಾಕೇನಿ, ಅದು ನಿಮ್ಮ ಲೆಕ್ಕದಾಗ ಬರೂದಿಲ್ಲ."

"ನನ್ನ ಮುಂದ ನಿಂತು ಸುಳ್ಳು ಹೇಳಿದಿ."

"ನಿಂತಿಲ್ಲ ಅಂದೆ. ನೀರು ಕುಡಿಸಿದೇನು ಅಂತ ಕೇಳಿದ್ರ ಹೌದು ಅಂತಿದ್ದೆ. ನೀವು ಕೇಳೂದು ಬರೀ ಪುಸ್ತಕದಾಗಿಂದು." ಅವನು ನೀರು ಕುಡಿದು ಲೋಟ ಇಟ್ಟ. "ಪಾವ ತಾಸು ಆ ಬೋರಿನ ಹತ್ರ ಹೋಗತೈತಿ. ಏಳರ ಒಳಗ ಸಿಂದಗಿ ಲಾರಿ ಹಿಡೀಬೇಕು. ಆ ಪಾವ ತಾಸು ಎಲ್ಲಿಂದ ತರಲಿ, ಹೇಳ್ರಿ? ರಸ್ತಾದ ಮ್ಯಾಲ ತರಬೇಕು. ದಿನಾ ತರ್ತೇನಿ. ಅವತ್ತು ಒಬ್ಬ ಅಡ್ಡ ಬಂದ."

ಜೋಹರಾಬಿ ಪಲ್ಯದ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತಳು, ಬಡಿಸಲಿಲ್ಲ.

"ಹೋಗಿ ಹೇಳ್ರಿ," ಅಂದ ಅಶ್ಫಾಕ. ದನಿ ಏರಲಿಲ್ಲ. "ಊರು ಮತ್ತೊಮ್ಮೆ ಹೊಗಳ್ತೈತಿ. ಆಗ ಒಂದು ಮಾರ್ಕ, ಈಗ ಇಪ್ಪತ್ತೆರಡು ಕಿಲೋಮೀಟರು. ಗ್ಯಾರೇಜಿನ್ಯಾಗ ಇನ್ನೂ ಜಾಗ ಇರಬೇಕು ನನಗ, ಹೊರಗ ಬಂದ ಮ್ಯಾಲ."

ಮಾಸ್ತರರು ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ಹೊಸ ಬಿಳಿ ಕಾಗದದ ಮೇಲೆ ಎರಡನೆಯ ಲೆಕ್ಕವನ್ನು ಸ್ವಚ್ಛವಾಗಿ, ಹಂತಹಂತವಾಗಿ ಬರೆದು, ಮಡಿಸಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಕನ್ನೊಳ್ಳಿಗೆ ಬಸ್ಸು ಹತ್ತಿದರು. ಮನೆಯಲ್ಲಿ ಎಲ್ಲಿಗೆ ಅಂತ ಹೇಳಲಿಲ್ಲ. ಯಾರೂ ಕೇಳಲಿಲ್ಲ.

ರೇವಪ್ಪ ಪಡಸಾಲೆಯ ಹೊರಸಿನ ಮೇಲೆ ಕಾಲು ಚಾಚಿಕೊಂಡಿದ್ದ. ಮಾಸ್ತರರನ್ನು ಕಂಡು ಏಳಲು ನೋಡಿದ, ಆಗಲಿಲ್ಲ. ಹಾಲು ಒಯ್ಯುವ ಕೆಲಸವನ್ನು ಡೇರಿಯವರು ಊರಿನ ಬೇರೊಬ್ಬನಿಗೆ ಕೊಟ್ಟಿದ್ದರು. ತನ್ನ ತಪ್ಪಿನಿಂದ ಹಾಲು ಚೆಲ್ಲಿದವನನ್ನು ಮತ್ತೆ ಇಟ್ಟುಕೊಳ್ಳುವುದು ಹೇಗೆ, ಬರೆದುಕೊಟ್ಟ ಕಾಗದ ಬೇರೆ ಇದೆ.

"ಕಾಲು ಕುಂಟು ಉಳಿತೈತಿ ಅಂದಾರ್ರಿ ಡಾಕ್ಟರು," ಅಂದಳು ಲಕ್ಕವ್ವ, ಬರ್ರಿ ಅನ್ನುವುದಕ್ಕೂ ಮೊದಲು.

ಮಾಸ್ತರರು ಕಾಗದ ತೆಗೆದು ಕೊಟ್ಟರು. ರೇವಪ್ಪ ಒಂದೊಂದೇ ಸಾಲಿನ ಕೆಳಗೆ ಬೆರಳು ಎಳೆಯುತ್ತ ಓದಿದ. ಹನ್ನೆರಡರಲ್ಲೊಂದು ಪಾಲಿನ ಹತ್ತಿರ ಬೆರಳು ನಿಂತಿತು.

"ಇಲ್ಲೆ ಐದು ನಿಮಿಷ ಹಿಡಿದೀರಿ. ಪಾವ ತಾಸು ನಿಂತಿದ್ದು ಬಿಟ್ಟೀರಿ." ಮುಂದೆ ಹೋದ. "ಐದು ಎಕ್ಸ್. ಎಪ್ಪತ್ತೆರಡು. ಬರೋಬರಿ ಐತ್ರಿ ಸರ."

"ನಿನಗ ನೀರಿನ ಸುದ್ದಿ ಗೊತ್ತಿತ್ತೇನು?"

"ಹಳ್ಳದಾಗ ಬಿದ್ದಿದ್ನಲ್ರಿ, ಗಾಡಿ ಮ್ಯಾಲ ಸೇತುವಿ ಅಂಚಿಗಿ ನಿಂತಿತ್ತು. ಚೀಲದಾಗಿನ ನೀರು ನನ್ನ ಮಾರಿ ಮ್ಯಾಲ ಸೋರತಿತ್ತು. ಹುಳಿ ವಾಸನಿ. ನಿಂಬಿ ಗಾಡಿ ನೀರಿಗೆ ಪಾವ ತಾಸು ನಿಂದರತಾವ ಅನ್ನೂದು ದಿನಾ ಈ ರಸ್ತಾ ತುಳಿಯೋ ನಮಗ ಗೊತ್ತೈತ್ರಿ."

"ಮತ್ತ ಅವತ್ತು ಯಾಕ ಹೇಳಲಿಲ್ಲ?"

"ಕೇಳಿದ್ನಲ್ರಿ," ಅಂದ ರೇವಪ್ಪ. "ನೀವು ನಕ್ರಿ."

ಮಾಸ್ತರರು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದರು, ಅದರಲ್ಲಿ ಡೇರಿಯಿಂದ ಒಯ್ದ ಹಾಲಿನ ಲೀಟರುಗಳನ್ನು ಮಾಘದವರೆಗೆ ಬರೆದಿತ್ತು, ಮುಂದೆ ಖಾಲಿ.

ಲಕ್ಕವ್ವ ಗಂಡನ ಕೈಯಿಂದ ಕಾಗದ ತೆಗೆದುಕೊಂಡು ಹಿಂದೆಮುಂದೆ ತಿರುಗಿಸಿದಳು. ಅವಳಿಗೆ ಲೆಕ್ಕ ತಿಳಿಯುತ್ತಿರಲಿಲ್ಲ. ಕಾಗದ ತಿಳಿಯುತ್ತಿತ್ತು.

"ಇದರಾಗ ನಿಮ್ಮ ಸಹಿ ಇಲ್ಲಲ್ರಿ."

ಮಾಸ್ತರರು ಮತ್ತೆ ಕ್ಯಾಲೆಂಡರಿನ ಕಡೆ ನೋಡಿದರು.

"ಠಾಣಿಗಿ ಒಯ್ಯಬೇಕಂದ್ರ, ಆ ನಿಂಬಿ ಸಾವಕಾರನ ಮುಂದ ಹಿಡೀಬೇಕಂದ್ರ, ಡೇರಿಯವರಿಗೆ ತೋರಸಬೇಕಂದ್ರ, ಸಹಿ ಬೇಕಲ್ರಿ. ಪೆನ್ನು ಕಿಸೇದಾಗ ಐತಿ ನೋಡ್ರಿ."

ಪೆನ್ನು ಕಿಸೆಯಲ್ಲಿತ್ತು. ಕೈ ಅದರ ತನಕ ಹೋಯಿತು, ಕ್ಯಾಪನ್ನು ಹಿಡಿಯಿತು. ಮಾಸ್ತರರಿಗೆ ಆ ಕ್ಷಣದಲ್ಲಿ ಕಂಡದ್ದು ಕೆಂಪು ಶಾಯಿಯ ಮೂವತ್ನಾಲ್ಕು. ಅವತ್ತು ಬರೆಯಲು ಎಷ್ಟು ಹಗುರವಾಗಿತ್ತು, ಮಗನ ಬದುಕು ಅನ್ನುವುದು ಉತ್ತರ ಪತ್ರಿಕೆಯ ಹೊರಗಿತ್ತು. ಕೈ ಬರಿದೇ ಹಿಂದಕ್ಕೆ ಬಂತು.

"ಲೆಕ್ಕಕ್ಕ ಸಹಿ ಬೇಕಾಗೂದಿಲ್ಲ ತಂಗಿ," ಅಂದರು. "ಯಾರು ಮಾಡಿದ್ರೂ ಅಷ್ಟ ಬರತೈತಿ."

"ಹಂಗಂದ್ರ ಮೊದಲಿಂದಕ್ಕ ಯಾಕ ಹಾಕಿದ್ರಿ?"

"ಬಿಡು," ಅಂದ ರೇವಪ್ಪ. "ಸರಗ ಚಾ ಮಾಡು."

ಅವಳು ಒಳಗೆ ಹೋಗಿ ಚಾ ಮಾಡಿದಳು. ಹಾಲಿಲ್ಲದ ಚಾ. ಮಾಸ್ತರರು ಅದನ್ನು ತಳದತನಕ ಕುಡಿದರು, ಬಿಡುವುದಕ್ಕೆ ಅವರಿಗೆ ಮುಖವಿರಲಿಲ್ಲ. ಹೊರಡುವಾಗ ರೇವಪ್ಪ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಹಿಂದಕ್ಕೆ ಕೊಟ್ಟ. "ನಿಮ್ಮ ಹತ್ರಾನ ಇರ್ಲಿ ಸರ. ನಾನು ಈ ಲೆಕ್ಕ ಮೊದಲ ಮಾಡಿದ್ದೆ, ಆಸ್ಪತ್ರ್ಯಾಗ ಮಲಗಿದಾಗ. ಎಪ್ಪತ್ತೆರಡ ಬಂದಿತ್ತು." ಅದರಲ್ಲಿ ಚುಚ್ಚು ಇರಲಿಲ್ಲ. ತನಗೂ ಒಂದು ಲೆಕ್ಕ ಬಂತು ಎಂಬ ಹಳೆಯ ವಿದ್ಯಾರ್ಥಿಯ ಹಿಗ್ಗು ಚೂರು ಇತ್ತು, ಅದು ಮಾಸ್ತರರನ್ನು ಚುಚ್ಚಿಗಿಂತ ಹೆಚ್ಚು ಕೊರೆಯಿತು.

"ನಾಕರ ಬಸ್ಸು ಇನ್ನೂ ಬಂದಿಲ್ರಿ," ಅಂದಳು ಲಕ್ಕವ್ವ ಬಾಗಿಲಿಂದ. "ಸಾವಕಾಶ ಹೋಗ್ರಿ. ಅವಸರ ಮಾಡಿದವರದ ತಪ್ಪು ಅಂತಾರ ನಿಮ್ಮ ಕಡೆ."

ಬಸ್ಸಿನಲ್ಲಿ ಇಂಡಿಯ ಸೈಕಲ್ ಅಂಗಡಿಯ ಇಸ್ಮಾಯಿಲ ಸಿಕ್ಕ, ಸಿಂದಗಿಯಿಂದ ಟಯರು ತರುತ್ತಿದ್ದ. ಸರಿದು ಜಾಗ ಕೊಟ್ಟ. ಮಾಸ್ತರರು ಕಿಟಕಿಯ ಕಡೆ ಬೇಡ ಅಂದು ಈಚೆಗೆ ಕೂತರು. ಬಸ್ಸು ತೊಗರಿ ಕೊಯ್ದ ಹೊಲಗಳ ನಡುವೆ ಓಡಿತು. ಸೇತುವೆ ಹತ್ತಿರವಾದಂತೆ ಡ್ರೈವರು ವೇಗ ಇಳಿಸಿ, ಎದುರಿನಿಂದ ಬರುತ್ತಿದ್ದ ಒಂದು ಟ್ರ್ಯಾಕ್ಟರಿಗೆ ದಾರಿ ಬಿಟ್ಟು ನಿಂತ. ತಡೆಗಂಬವೊಂದು ಮುರಿದು ಹಳ್ಳಕ್ಕೆ ಬಾಗಿತ್ತು. ಕೆಳಗೆ ಬಿಸಿಲಿಗೆ ಒಣಗಿದ ಕೆಸರು.

ಇಸ್ಮಾಯಿಲ ಕತ್ತು ಚಾಚಿ ನೋಡಿದ. "ಮಾಸ್ತರ, ಆ ಹಾಲಿನವ ಬಂದು ನಿಮ್ಮ ಹುಡುಗನ ಗಾಡಿಗೆ ಬಡದಿದ್ದು ಇಲ್ಲೇ ಅಲ್ಲೇನ್ರಿ?"

ಟ್ರ್ಯಾಕ್ಟರು ನಿಧಾನಕ್ಕೆ ದಾಟುತ್ತಿತ್ತು. ಮಾಸ್ತರರು ಮುಂದಿನ ಸೀಟಿನ ಕಬ್ಬಿಣದ ಹಿಡಿಕೆ ಹಿಡಿದಿದ್ದರು.

"ಹೌದು," ಅಂದರು. "ಇಲ್ಲೇ."